ಸಿಮೆಂಟು ಹಾಕಿ ನಿಲ್ಲಿಸಿದ ಗೋಧಿ

1967ರ ಮುಂಗಾರಿನಲ್ಲಿ ನಾನು ಹಳೇಬೀಡು ಹೋಬಳಿಗೆ ಕೃಷಿ ವಿಸ್ತರಣಾಧಿಕಾರಿಯಾಗಿ ಬಂದೆ. ಸುಧಾರಿತ ಬೀಜ, ರಸಗೊಬ್ಬರ ಮತ್ತು ಹೊಸ ಬೇಸಾಯ ಕ್ರಮಗಳನ್ನು ರೈತರಿಗೆ ತಲುಪಿಸುವುದು ಈ ಹುದ್ದೆಯ ಕರ್ತವ್ಯ. ನಮ್ಮ ವಂಶದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ತಂದೆಯವರು ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಕಾಯಿ ಒಡೆಯುತ್ತಿದ್ದರು. ನನ್ನ ಪ್ರೊಬೇಷನ್ ಅವಧಿ, ಎಂದರೆ ಕೆಲಸ ಕಾಯಂ ಆಗುವುದಕ್ಕೆ ಮೊದಲಿನ ಪರೀಕ್ಷಾ ಕಾಲ, ಇನ್ನೂ ಮುಗಿದಿರಲಿಲ್ಲ. ಮೇಲಧಿಕಾರಿಗಳೆದುರು ಮಾತನಾಡಬೇಕಾದಾಗ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಬರೆದು, ತಿದ್ದಿ, ಆಮೇಲೆ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಅನೇಕ ಸಲ ಅವರು ಹೊರಟುಹೋಗಿರುತ್ತಿದ್ದರು.

ಆ ಕಾಲದಲ್ಲಿ ದೇಶದಲ್ಲೆಲ್ಲ ಗೋಧಿಯ ಮಾತು. ಹಡಗಿನಲ್ಲಿ ಬಂದು ಪಡಿತರದಂಗಡಿಯಲ್ಲಿ ಸಿಗುತ್ತಿದ್ದ ಗೋಧಿಯನ್ನು ನಮ್ಮ ರಾಗಿಯ ಸೀಮೆಯವರು ಮೂಗು ಮುಚ್ಚಿಕೊಂಡು ತರುತ್ತಿದ್ದರು. ಅದಕ್ಕೆ ಬದಲು ನೀರಾವರಿ ಇರುವ ಕಡೆ ನಾವೇ ಏಕೆ ಹೊಸ ಗಿಡ್ಡ ತಳಿಯ ಗೋಧಿ ಬೆಳೆಯಬಾರದು ಎಂಬುದು ಸರ್ಕಾರದ ವಿಚಾರ. ವಿಚಾರದಲ್ಲಿ ತಪ್ಪಿರಲಿಲ್ಲ. ಅದರಂತೆ ಮಾದಿಹಳ್ಳಿಯ ಕಡೆಯ ರಸ್ತೆಯ ಪಕ್ಕದಲ್ಲಿ ಒಂದು ಪ್ರಾತ್ಯಕ್ಷಿಕಾ ತಾಕು ಮಾಡಲಾಗಿತ್ತು. ರೈತರು ಕಣ್ಣಾರೆ ಕಂಡು ಕಲಿಯಲಿ ಎಂದು ಇಲಾಖೆಯ ಖರ್ಚಿನಲ್ಲಿ ಮಾದರಿ ಬೆಳೆ ಬೆಳೆದು ತೋರಿಸುವ ಹೊಲಕ್ಕೆ ಪ್ರಾತ್ಯಕ್ಷಿಕಾ ತಾಕು ಎನ್ನುತ್ತಾರೆ.

ಈ ತಾಕನ್ನು ಆರಿಸಿದ ರೀತಿ ನಾನು ಬಂದ ಮೊದಲ ವಾರದಲ್ಲೇ ತಿಳಿಯಿತು. ಮಣ್ಣು ನೋಡಿ ಆರಿಸಿದ್ದಲ್ಲ, ನೀರು ನೋಡಿ ಆರಿಸಿದ್ದೂ ಅಲ್ಲ. ಬೆಂಗಳೂರಿನಿಂದ ಬರುವ ಅಧಿಕಾರಿಗಳು ಸಂಸಾರಸಮೇತ ಹಳೇಬೀಡಿನ ಗುಡಿ ನೋಡಿ ಬೇಲೂರಿಗೆ ಹೋಗುವ ದಾರಿಯಲ್ಲಿ ಅದು ಸಿಗುತ್ತಿತ್ತು. ಕಾರು ನಿಲ್ಲಿಸಲು ಹುಣಸೆಮರದ ನೆರಳಿತ್ತು. ಗುಡಿ ನೋಡುವ ಪ್ರವಾಸಕ್ಕೆ ಗೋಧಿಯ ತಪಾಸಣೆ ಎಂಬ ಹೆಸರು ಬೀಳುವುದಕ್ಕೆ ಇಷ್ಟು ಸಾಕಾಗಿತ್ತು.

ತಾಕಿನ ಮುಂದೆ ತಗಡಿನ ಒಂದು ದೊಡ್ಡ ಫಲಕ. ಅದರ ಎರಡು ಕಾಲುಗಳಿಗೂ ಸಿಮೆಂಟು ಹಾಕಲಾಗಿತ್ತು. ಮೇಲೆ ಹೊಲದೊಡೆಯರಾದ ಸಾಹುಕಾರ ಚನ್ನಬಸಪ್ಪನವರ ಹೆಸರು, ಕೆಳಗೆ ಎಣ್ಣೆ ಬಣ್ಣದಲ್ಲಿ 'ಮುಂಗಾರು: ಕಡಲೆಕಾಯಿ, ಹಿಂಗಾರು: ಗೋಧಿ'. ಫಲಕ ಬರುವ ಮೊದಲು ಅದು ಭತ್ತದ ಗದ್ದೆಯಾಗಿತ್ತು. ಎಣ್ಣೆಕಾಳಿನ ಯೋಜನೆಯವರದೂ ಒಂದು ಪಾಲಿರಲಿ ಎಂದು ಮುಂಗಾರಿಗೆ ಕಡಲೆಕಾಯಿ ಸೇರಿಸಿದರು. ಅಂದಿನಿಂದ ಕಡಲೆಕಾಯಿಯ ಮೇಲೆ ಗೋಧಿ, ಗೋಧಿಯ ಮೇಲೆ ಕಡಲೆಕಾಯಿ. ಚನ್ನಬಸಪ್ಪನವರಿಗೆ ಬೆಳೆಗಿಂತ ಫಲಕದ ಮೇಲೆ ಮಮತೆ ಹೆಚ್ಚು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿಸುತ್ತಿದ್ದರು.

ನಾನು ನೋಡಿದ್ದು ಅಲ್ಲಿನ ಮೂರನೆಯ ಗೋಧಿ ಬೆಳೆ. ನವೆಂಬರಿನಲ್ಲಿ ಬಿತ್ತಿದ್ದು ಚೆನ್ನಾಗಿಯೇ ಮೊಳೆಯಿತು. ಆಮೇಲೆ ಅಲ್ಲೊಂದು ಇಲ್ಲೊಂದು ಗಿಡ ಹಳದಿಯಾಗತೊಡಗಿತು. ಜನವರಿಯ ವೇಳೆಗೆ ಹೊಲದ ತುಂಬ ಬೋಳು ಮಚ್ಚೆಗಳು. ಒಣಗಿದ ಗಿಡವನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಬೇರನ್ನು ನೆಲದಲ್ಲೇ ಬಿಟ್ಟು ಕೈಗೆ ಬರುತ್ತಿತ್ತು. ಬುಡ ಕಂದಾಗಿ, ಮೆತ್ತಗಾಗಿ, ಹಳಸಿದ ಅನ್ನದಂತೆ ಲೊಳೆಲೊಳೆಯಾಗಿತ್ತು. ಅದರ ಸುತ್ತ ಹತ್ತಿಯ ಎಳೆಯಂಥ ಬಿಳಿಯ ಬೂಷ್ಟು. ಆ ಬೂಷ್ಟಿನಲ್ಲಿ ಸಾಸಿವೆಯನ್ನು ಎರಚಿದಂತೆ ಕಂದು ಬಣ್ಣದ ಸಣ್ಣ ಗುಂಡುಗಳು. ವಾಸನೆ ಬೆರಳಿಗೆ ಹತ್ತಿದರೆ ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಸಂಜೆ ಊಟಕ್ಕೆ ಕುಳಿತಾಗ ಮುದ್ದೆ ಮುರಿಯುವ ಕೈಯನ್ನು ಮೂಗಿನ ಹತ್ತಿರ ತರಲು ನನಗೆ ಅಸಹ್ಯವಾಗುತ್ತಿತ್ತು.

ಇದು ಬುಡಕೊಳೆ ರೋಗ. ಇದನ್ನು ತರುವುದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಸಾಸಿವೆಯಂಥ ಆ ಗುಂಡುಗಳೇ ಅದರ ಬೀಜವೆಂದು ತಿಳಿಯಬಹುದು. ಬೆಳೆ ಇಲ್ಲದಾಗಲೂ ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಈ ಶಿಲೀಂಧ್ರಕ್ಕೆ ಕಡಲೆಕಾಯಿಯೂ ಊಟ, ಗೋಧಿಯೂ ಊಟ. ಮುಂಗಾರಿನಲ್ಲಿ ಕಡಲೆಕಾಯಿ ತಿಂದು ಹೆಚ್ಚಿಕೊಂಡದ್ದು ಹಿಂಗಾರಿನಲ್ಲಿ ಗೋಧಿಯ ಬುಡಕ್ಕೆ ಬರುತ್ತದೆ. ನಡುವೆ ಒಂದು ಭತ್ತದ ಬೆಳೆ ಬಂದರೆ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ, ಕೆಸರಿನಲ್ಲಿ ಆ ಗುಂಡುಗಳಲ್ಲಿ ಬಹುಪಾಲು ಕೊಳೆತು ಸಾಯುತ್ತವೆ. ಬೆಳೆ ಪರಿವರ್ತನೆ ಎಂದರೆ ಇಷ್ಟೇ. ನಮ್ಮ ತಾಕಿನಲ್ಲಿ ಬೆಳೆ ಪರಿವರ್ತನೆಯ ಹೆಸರಿನಲ್ಲಿ ನಡೆಯುತ್ತಿದ್ದುದು ರೋಗಕ್ಕೆ ವರ್ಷಕ್ಕೆರಡು ಹೊತ್ತಿನ ಊಟ.

ತಾಲ್ಲೂಕಿನ ನನ್ನ ಮೇಲಧಿಕಾರಿಗಳಿಗೆ ಇದನ್ನು ವಿನಯಪೂರ್ವಕವಾಗಿ ನಿವೇದಿಸಿದೆ. ಅವರು ಗಿಡ ಕಿತ್ತು ನೋಡಲಿಲ್ಲ. ಬೂಟಿನ ತುದಿಯಿಂದ ಒಂದು ಬುಡವನ್ನು ಒದ್ದು, ಗೆದ್ದಲು ಎಂದರು. ಗೆದ್ದಲಿನ ಪುಡಿ ಎರಚಿಸಿದರು. ಚನ್ನಬಸಪ್ಪನವರು ದೃಷ್ಟಿಯಾಗಿದೆಯೆಂದು ಹೊಲದ ನಡುವೆ ಸುಣ್ಣದ ಬೊಟ್ಟಿಟ್ಟ ಮಡಕೆ ಕವುಚಿದರು. ಫಲಕವನ್ನು ಕಿತ್ತು ಒಂದು ವರ್ಷ ಭತ್ತ ಹಾಕೋಣ ಎಂದಾಗ ಇಬ್ಬರೂ ನನ್ನನ್ನು ಗುಡಿಯ ವಿಗ್ರಹ ಕೀಳಲು ಹೇಳಿದವನಂತೆ ನೋಡಿದರು.

ಆ ತಾಕಿನ ಕೆಳಗೆ, ಕಾಲುವೆಯಾಚೆ, ನಿಂಗಮ್ಮ ಎಂಬುವರ ಗದ್ದೆಯಿತ್ತು. ಗಂಡ ತೀರಿಕೊಂಡ ಮೇಲೆ ಆಕೆಯೇ ಬೇಸಾಯ ನೋಡಿಕೊಳ್ಳುತ್ತಿದ್ದರು. ವಯಸ್ಸು ಐವತ್ತರ ಸುಮಾರು, ನಾಲಿಗೆ ಹರಿತ. ಬಿತ್ತನೆ ಮುಗಿದ ಮೇಲೆ ಉಳಿದ ಬೀಜವನ್ನು ನಾನು ಅವರಿಗೆ ಕೊಟ್ಟಿದ್ದೆ. ಭತ್ತ ಕೊಯ್ದ ಗದ್ದೆಯಲ್ಲಿ ಅವರು ಎಂದಿನಂತೆ ಕಡಲೆ ಚೆಲ್ಲುವುದನ್ನು ಬಿಟ್ಟು, ನನ್ನ ಮಾತು ನಂಬಿ, ಗೋಧಿ ಬಿತ್ತಿದರು. ಊರಿನವರು ನಕ್ಕರು. ಬಾವಿಕಟ್ಟೆಯಲ್ಲಿ ಅವರಿಗೆ 'ಗೋಧಿ ನಿಂಗಮ್ಮ' ಎಂಬ ಹೆಸರು ಬಿತ್ತು. ಯುಗಾದಿಯ ದಿನ ತನ್ನ ಗದ್ದೆಯ ಗೋಧಿಯಲ್ಲೇ ಒಬ್ಬಟ್ಟು ಮಾಡಿ, ನಕ್ಕ ಬಾಯಿಗಳಿಗೇ ತಿನ್ನಿಸುತ್ತೇನೆಂದು ಆಕೆ ಬಾವಿಕಟ್ಟೆಯಲ್ಲೇ ಶಪಥ ಮಾಡಿದ್ದರು.

ಅದೇ ಬೀಜ, ಅದೇ ಬಿತ್ತನೆಯ ವಾರ, ಅದೇ ಕಾಲುವೆಯ ನೀರು. ಆದರೂ ನಿಂಗಮ್ಮನವರ ಗದ್ದೆಯಲ್ಲಿ ಗೋಧಿ ಒತ್ತಾಗಿ ನಿಂತು ತೆನೆಯಲ್ಲಿ ಹಾಲುಗಾಳು ಕಟ್ಟುತ್ತಿತ್ತು. ಕಲಿಯಬೇಕೆನ್ನುವವನಿಗೆ ಇದಕ್ಕಿಂತ ಸ್ಪಷ್ಟವಾದ ಪ್ರಾತ್ಯಕ್ಷಿಕೆ ಬೇರೆ ಬೇಕಿರಲಿಲ್ಲ. ಆದರೆ ಅದರ ಮುಂದೆ ಫಲಕವಿರಲಿಲ್ಲ.

ಜನವರಿಯ ಕೊನೆಯ ವಾರದಲ್ಲಿ ಬೆಂಗಳೂರಿನ ಹಿರಿಯ ಅಧಿಕಾರಿಗಳೊಬ್ಬರು ತಪಾಸಣೆಗೆ ಬರುವರೆಂಬ ಸುದ್ದಿ ಬಂತು. ಹಿಂದಿನ ದಿನ ಬೆಳಿಗ್ಗೆ ನನ್ನ ಮೇಲಧಿಕಾರಿಗಳು ತಾಕಿಗೆ ಬಂದು ಬೋಳು ಮಚ್ಚೆಗಳನ್ನು ನೋಡಿದರು. ಅವರ ಮುಖದಲ್ಲಿ ಚಿಂತೆ ಇದ್ದುದು ಒಂದು ಗಳಿಗೆ ಮಾತ್ರ. ಕಾಲುವೆಯಾಚೆ ಕಣ್ಣು ಹೋಯಿತು.

"ಅಲ್ಲಿಂದ ಬುಡಸಮೇತ ಎತ್ತಿಸಿ ಇಲ್ಲಿ ನಾಟಿ ಹಾಕಿಸ್ರೀ," ಎಂದರು.

ಭತ್ತದ ಸಸಿಯನ್ನು ಒಂದು ಮಡಿಯಿಂದ ಕಿತ್ತು ಇನ್ನೊಂದರಲ್ಲಿ ನೆಡುವಂತೆ, ತೆನೆ ಬಿಟ್ಟ ಗೋಧಿಯನ್ನು ಕಿತ್ತು ನೆಡುವುದು. ನನ್ನ ಕಿವಿಯನ್ನು ನಾನೇ ನಂಬದಾದೆ. ಈ ಹಂತದಲ್ಲಿ ಕಿತ್ತ ಗೋಧಿ ಬದುಕುವುದಿಲ್ಲವೆಂದು ತಿಳಿಸಿದೆ.

"ನಾಳೆ ಮಧ್ಯಾಹ್ನದ ತನಕ ನಿಂತ್ಕೊಂಡ್ರೆ ಸಾಕು ಕಣ್ರೀ. ನಾವೇನು ಅದನ್ನ ಕೊಯ್ದು ಉಣ್ತೀವಾ?"

ಸಾಹುಕಾರರ ಆಳುಗಳು ಆಗಲೇ ತಾಕಿನಲ್ಲಿ ಸತ್ತ ಬುಡಗಳನ್ನು ಕೀಳುತ್ತಿದ್ದರು. ಕಿತ್ತದ್ದನ್ನು ಫಲಕದ ಹಿಂದೆ ಗುಡ್ಡೆ ಹಾಕುತ್ತಿದ್ದರು. ಸುಡಿಸೋಣವೆಂದೆ, ನಾಳೆಯೂ ಹೊಗೆಯಾಡುತ್ತಿದ್ದರೆ ಬಂದವರಿಗೆ ತೊಂದರೆ ಎಂದು ಮೇಲಧಿಕಾರಿಗಳು ಅದರ ಮೇಲೆ ತೆಂಗಿನ ಗರಿ ಮುಚ್ಚಿಸಿದರು. ಆಳುಗಳ ಗುದ್ದಲಿಗಳಲ್ಲೂ ಕಾಲುಗಳಲ್ಲೂ ಆ ಹೊಲದ ಮಣ್ಣು ಮೆತ್ತಿಕೊಂಡಿತ್ತು. ಅದೇ ಗುದ್ದಲಿ, ಅದೇ ಕಾಲು ನಿಂಗಮ್ಮನವರ ಗದ್ದೆಗೆ ಇಳಿದರೆ ಒಂದು ಬೆಳೆಯಲ್ಲ, ಮುಂದಿನ ಎಷ್ಟೋ ಬೆಳೆಗಳು ಕೆಡುವ ಅಪಾಯವಿತ್ತು.

ಹೋಗಿ ನಿಂಗಮ್ಮನವರಿಗೆ ವಿಷಯ ತಿಳಿಸಿದೆ. ಅವರು ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಲಿಲ್ಲ.

"ಅಲ್ಲಿ ನೆಟ್ರೆ ಬದುಕ್ತದಾ ಸಾಮಿ?"

ಇಲ್ಲವೆಂದೆ.

"ಮತ್ಯಾಕೆ ಕೀಳಾದು?"

ನೋಡುವವರು ಬರುತ್ತಾರೆ ಎಂದೆ. ಆಕೆ ಒಂದು ಸಲ ತಾಕಿನ ಕಡೆ, ಒಂದು ಸಲ ನನ್ನ ಇಸ್ತ್ರಿ ಮಾಡಿದ ಷರಾಯಿಯ ಕಡೆ ನೋಡಿದರು.

"ಹೆಣಕ್ಕೆ ಸಿಂಗಾರ ಮಾಡಾಕೆ ನನ್ ಮಗೀನ ಒಡವೆ ಬೇಕಾ? ಒಂದು ತೆನೆ ಮುಟ್ಟಿಸಾಕಿಲ್ಲ, ಹೋಗು."

ಅಷ್ಟರಲ್ಲಿ ಮೇಲಧಿಕಾರಿಗಳನ್ನು ಕರೆದುಕೊಂಡು ಚನ್ನಬಸಪ್ಪನವರೇ ಬಂದರು. ಮೆತ್ತಗಿನ ಮಾತಿನ ಮನುಷ್ಯ. ಜೋರು ಮಾಡುವ ಅಗತ್ಯ ಅವರಿಗಿರಲಿಲ್ಲ. ಕಾಲುವೆಯ ನೀರು ಅವರ ಹೊಲದ ಬದಿಯ ತೂಬು ದಾಟಿಯೇ ನಿಂಗಮ್ಮನವರ ಗದ್ದೆಗೆ ಬರಬೇಕಿತ್ತು. ಹಾಲುಗಾಳಿನ ಹಂತದ ಗೋಧಿಗೆ ಇನ್ನೊಂದೇ ನೀರು ಬಾಕಿ. ಅದು ತಪ್ಪಿದರೆ ಕಾಳು ಸುಕ್ಕಿ ಹೊಟ್ಟಾಗುತ್ತದೆ.

"ನೋಡವ್ವಾ ನಿಂಗವ್ವ, ಕಾಲುವೇಲಿ ಮಣ್ಣು ಕುಸಿದೈತೆ ಅಂತಾರೆ. ಈ ವಾರ ನೀರು ಬರ್ತದೋ ಇಲ್ವೋ," ಎಂದು ಆಕಾಶ ನೋಡುತ್ತ ಹೇಳಿದರು.

ಸಾತ್ವಿಕವಾದ ದನಿಯಲ್ಲಿ ಆಡಿದ ಆ ಒಂದು ಮಾತಿನಷ್ಟು ಕೊಳಕಾದದ್ದನ್ನು ನಾನು ಆ ಹೊಲದ ಬುಡಗಳಲ್ಲೂ ಕಂಡಿರಲಿಲ್ಲ.

ನಿಂಗಮ್ಮ ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಅಗಿದರು. ಆಮೇಲೆ ಸಾಹುಕಾರರನ್ನು ಬಿಟ್ಟು ಮೇಲಧಿಕಾರಿಗಳತ್ತ ತಿರುಗಿ ಬಹಳ ವಿನಯದಿಂದ ಹೇಳಿದರು:

"ಒಣಗಿದ ನೆಲ್ದಾಗೆ ಕಿತ್ರೆ ಬೇರು ಹರೀತದೆ ಬುದ್ದಿ. ನೆಲ ನೆನೆದ್ರೆ ಬುಡ ಸಲೀಸಾಗಿ ಮಣ್ಣು ಕಚ್ಕೊಂಡು ಬತ್ತದೆ. ಮೊದ್ಲು ನೀರು ಬಿಡ್ಸಿ. ಬೈಗಿಗೆ ಬದಿನಾಗಿಂದು ಒಂದು ಸಾಲು ತಕ್ಕಳಿ."

ಮಾತು ಸರಿಯಾಗಿಯೇ ಇತ್ತು. ರಸ್ತೆಯಿಂದ ಕಾಣುವ ಅಂಚಿಗೆ ಒಂದು ಸಾಲು ಸಾಕೆಂದು ಲೆಕ್ಕ ಹಾಕಿ ಮೇಲಧಿಕಾರಿಗಳು ನೀರು ಬಿಡಿ ಎಂದರು. ಕಾಲುವೆಯಲ್ಲಿ ಕುಸಿದಿದ್ದ ಮಣ್ಣು ತಾನೇ ತಾನಾಗಿ ಸರಿಹೋಯಿತು. ಸಂಜೆಯ ಹೊತ್ತಿಗೆ ಗದ್ದೆ ಪೂರ್ತಿ ನೆನೆದಿತ್ತು. ಗೋಧಿಗೆ ಬೇಕಾಗಿದ್ದ ಕೊನೆಯ ನೀರು ಸಿಕ್ಕಿತ್ತು. ಚನ್ನಬಸಪ್ಪನವರಿಗೆ ಇದು ಅರ್ಥವಾದಾಗ ನೀರು ಗದ್ದೆಯ ಆಚೆಯ ಬದು ಮುಟ್ಟಿತ್ತು.

ಉಳಿದದ್ದು ಮಣ್ಣಿನ ಪ್ರಶ್ನೆ. ಆಳುಗಳು ಗದ್ದೆಗೆ ಇಳಿಯಲು ಬಂದಾಗ, ಒದ್ದೆ ಗದ್ದೆಯಲ್ಲಿ ಬಹಳ ಜನ ತುಳಿದರೆ ಬುಡ ಒಡೆಯುತ್ತದೆಂದು ಹೇಳಿ ಅವರನ್ನು ತಡೆದೆ. ಅದೂ ಸುಳ್ಳಲ್ಲ. ಬೂಟು ಕಳಚಿ, ಷರಾಯಿಯನ್ನು ಮೊಣಕಾಲ ಮೇಲಕ್ಕೆ ಮಡಿಸಿ, ನಿಂಗಮ್ಮನವರ ಮನೆಯ ಗುದ್ದಲಿಯನ್ನೇ ಹಿಡಿದು ನಾನು ಇಳಿದೆ. ಬದುವಿನ ಪಕ್ಕದ ಒಂದು ಸಾಲನ್ನು ನಾನು ಎಬ್ಬಿಸಿದೆ, ಆಕೆ ಎತ್ತಿ ಬದುವಿನಾಚೆ ಆಳುಗಳ ಕೈಗೆ ಕೊಟ್ಟರು. ತಾಕಿನ ಮಣ್ಣು ಮೆತ್ತಿದ ಕಾಲು ಆ ಗದ್ದೆಯನ್ನು ಮುಟ್ಟಲಿಲ್ಲ.

ಬದುವಿನ ಮೇಲಿದ್ದ ಆಳೊಬ್ಬ ಇನ್ನೊಬ್ಬನಿಗೆ, "ಏನ್ಲಾ, ಬಿ.ಎಸ್ಸಿ. ಓದಿದ್ರೆ ಕೂಲಿ ಎಷ್ಟು ಕೊಡ್ತಾರ್ಲಾ?" ಎಂದ. ಎಲ್ಲರೂ ನಕ್ಕರು. ನಿಂಗಮ್ಮನೂ ನಕ್ಕರು. ನನಗೆ ನಗು ಬರಲಿಲ್ಲ. ಹಾಲುಗಾಳು ತುಂಬಿದ ತೆನೆಯನ್ನು ನನ್ನ ಕೈಯಾರೆ ಕಿತ್ತು, ಕೊಳೆತ ನೆಲಕ್ಕೆ ಕಳಿಸುತ್ತಿದ್ದೆ.

ಮರುದಿನ ಅತಿಥಿಗಳು ಬೆಳಿಗ್ಗೆಯೇ ಬರಬೇಕಿತ್ತು. ಹಳೇಬೀಡಿನ ಗುಡಿಯಲ್ಲಿ ಫೋಟೋ ತೆಗೆಸಿಕೊಳ್ಳುವುದರಲ್ಲಿ ತಡವಾಯಿತು. ಬಿಸಿಲೇರಿತು. ನೆಟ್ಟ ಗೋಧಿ ಒಂದೊಂದಾಗಿ ತಲೆ ಬಾಗಿಸಿತು. ಮೇಲಧಿಕಾರಿಗಳು ಬಿಂದಿಗೆಯಲ್ಲಿ ನೀರು ತರಿಸಿ ಚಿಮುಕಿಸಿದರು. ಬಾಗಿದ ಗಿಡಗಳ ಬುಡಕ್ಕೆ ಆಳುಗಳಿಂದ ಮಣ್ಣು ಒತ್ತಿಸಿ ನೆಟ್ಟಗೆ ನಿಲ್ಲಿಸಿದರು. ಮದುವೆಮನೆಯಲ್ಲಿ ನಿದ್ದೆ ತೂಗುವವರನ್ನು ತಿವಿದು ಎಬ್ಬಿಸಿದಂತೆ ಅವು ಒಂದು ಗಳಿಗೆ ನೆಟ್ಟಗಾಗಿ ಮತ್ತೆ ಬಾಗಿದವು.

ಕೊನೆಗೆ ಕಾರು ಹುಣಸೆಮರದ ನೆರಳಿನಲ್ಲಿ ನಿಂತಿತು. ಹಿರಿಯ ಅಧಿಕಾರಿಗಳು ಇಳಿದು ಫಲಕದವರೆಗೆ ಬಂದು, ಫಲಕವನ್ನು ಓದಿದರು. ಅವರ ಪತ್ನಿ ಕಾರಿನ ಕಿಟಕಿಯಿಂದಲೇ ಇದು ಯಾವ ಬೆಳೆಯೆಂದು ಕೇಳಿದರು. ದೊಡ್ಡವರನ್ನು ಬರಿಗೈಯಲ್ಲಿ ಕಾಣಬಾರದೆಂದು ನಮ್ಮ ಕಡೆ ಕೈಗೆ ನಿಂಬೆಹಣ್ಣು ಕೊಡುವ ಪದ್ಧತಿಯಿದೆ. ರೈತರು ಸಾಲಾಗಿ ಬಂದು ಒಂದೊಂದು ನಿಂಬೆಹಣ್ಣು ಕೊಟ್ಟರು. ಹಿರಿಯ ಅಧಿಕಾರಿಗಳು ನನ್ನ ಮೇಲಧಿಕಾರಿಗಳೊಡನೆ ಮಾತನಾಡುತ್ತ, ನೋಡದೆಯೇ, ತೆಗೆದುಕೊಂಡು ಜವಾನನಿಗೆ ದಾಟಿಸುತ್ತಿದ್ದರು.

ಸಾಲಿನ ಕೊನೆಯಲ್ಲಿ ನಿಂಗಮ್ಮ ನಿಂತದ್ದನ್ನು ನಾನು ಗಮನಿಸಿರಲಿಲ್ಲ. ಸೆರಗಿನ ಮರೆಯಿಂದ ಆಕೆ ತೆಗೆದು ಅವರ ಅಂಗೈಯಲ್ಲಿ ಇಟ್ಟದ್ದು ನಿಂಬೆಹಣ್ಣಲ್ಲ. ಫಲಕದ ಹಿಂದಿನ ಗುಡ್ಡೆಯಿಂದ ತಂದ ಒಂದು ಕೊಳೆತ ಬುಡ. ಗರಿಯ ಕೆಳಗೆ ಒಂದು ರಾತ್ರಿ ಕಾವಿನಲ್ಲಿದ್ದು ಅದು ಇನ್ನಷ್ಟು ಲೊಳೆಯಾಗಿತ್ತು. ಬೂಷ್ಟು ಹೊಸದಾಗಿ ಅರಳಿತ್ತು.

ಅಧಿಕಾರಿಗಳು ರೂಢಿಯಂತೆ ಬೆರಳು ಮಡಿಸಿದರು. ಆಮೇಲೆ ನೋಡಿದರು.

"ಏನಿದು?"

"ನೀವು ನೋಡಾಕೆ ಬಂದಿದ್ದು ಬುದ್ದಿ," ಎಂದರು ನಿಂಗಮ್ಮ.

ಅವರು ಕೈ ಕೊಡವಿದರು, ಅದು ಅಂಟಿಕೊಂಡಿತ್ತು. ಜವಾನ ನೀರಿಗೆ ಓಡಿದ. ನನ್ನ ಮೇಲಧಿಕಾರಿಗಳ ಮುಖ ಬಿಳುಚಿತ್ತು. ಜವಾನನ ಕೈಯಿಂದ ಬಿಂದಿಗೆ ತೆಗೆದುಕೊಂಡು ನಾನೇ ನೀರು ಹೊಯ್ಯತೊಡಗಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ವಾಕ್ಯವನ್ನು ಮನಸ್ಸಿನಲ್ಲಿ ಬರೆದು ನೋಡಿಕೊಳ್ಳದೆ ಮಾತನಾಡಿದೆ. ಇದು ಬುಡಕೊಳೆ, ಕಡಲೆಕಾಯಿಯ ಮೇಲೆ ಗೋಧಿ ಬಿತ್ತಿದ್ದರಿಂದ ಬಂದದ್ದು, ಇಲ್ಲಿ ಹಸಿರಾಗಿ ಕಾಣುವುದು ನಿನ್ನೆ ಕಿತ್ತು ನೆಟ್ಟದ್ದು, ಭತ್ತದ ಮೇಲೆ ಬಿತ್ತಿದ ಅದೇ ಬೀಜ ಈ ಕಾಲುವೆಯಾಚೆ ನಿಂತಿದೆ, ದಯಮಾಡಿ ಬದು ದಾಟಿ ಒಮ್ಮೆ ನೋಡಬೇಕು ಎಂದೆ.

ಅವರು ಕೇಳಿಸಿಕೊಂಡರು. ಸುಳ್ಳು ಹೇಳಬಾರದು, ಬೆರಳ ಸಂದುಗಳನ್ನು ಉಜ್ಜುತ್ತ ಎಲ್ಲವನ್ನೂ ಕೇಳಿಸಿಕೊಂಡರು. ನಿಂಗಮ್ಮನವರ ಗದ್ದೆಯ ಕಡೆ ನೋಡಿದರು. ಬದು ಒದ್ದೆಯಾಗಿತ್ತು. ತಮ್ಮ ಬೂಟು ನೋಡಿಕೊಂಡರು. ಕಾರಿನಿಂದ, ಬೇಲೂರಿನಲ್ಲಿ ಗುಡಿಯ ಬಾಗಿಲು ಹಾಕಿಬಿಡುತ್ತಾರಂತೆ, ಹೊರಡೋಣವೇ ಎಂಬ ದನಿ ಕೇಳಿತು. ಕೈ ಶುದ್ಧವಾಗುತ್ತಲೇ ಅವರ ಆಸಕ್ತಿಯೂ ಶುದ್ಧವಾಗಿ ಹೋಯಿತು.

"ಒಳ್ಳೇದು. ಬರೆದು ಕಳಿಸಿ," ಎಂದು ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಕಾರು ಹತ್ತಿದರು. ಆ ಬದುವನ್ನು ದಾಟಲು ಎಲೆ ಅಡಿಕೆ ಉಗುಳುವಷ್ಟು ಹೊತ್ತು ಸಾಕಾಗಿತ್ತು. ಅವರಿಗೆ ರೋಗ ಗೊತ್ತಾಗಲಿಲ್ಲವೆಂದು ನನಗೆ ಬೇಸರವಿಲ್ಲ. ಗೊತ್ತಾಯಿತು, ಆದರೂ ದಾಟಲಿಲ್ಲ. ಇಂದಿಗೂ ನನಗೆ ಹೇಸಿಗೆಯೆನಿಸುವುದು ಅದು.

ಕಾರಿನ ಧೂಳು ಅಡಗಿದ ಮೇಲೆ ಮೇಲಧಿಕಾರಿಗಳು ನನ್ನನ್ನು ಕರೆದು, "ನಿಮ್ಮ ತಂದೆಯವರು ಮಂಡೀಲಿ ಕಾಯಿ ಒಡೀತಾರಂತಲ್ಲ? ನಿಮಗೂ ತೆಂಗೇ ಸರಿ," ಎಂದರು. ತಿಂಗಳೊಳಗೆ ನನ್ನನ್ನು ಅರಸೀಕೆರೆಗೆ, ತೆಂಗಿನ ಸಸಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ವರ್ಗ ಮಾಡಿದರು. ಅದನ್ನು ಶಿಕ್ಷೆಯೆಂದು ಅವರು ತಿಳಿದಿದ್ದರು. ವಿಷಯ ಕೇಳಿದ ತಂದೆಯವರು, ಮನೆಗೆ ಹತ್ತಿರವಾಯಿತೆಂದು ಸಂತೋಷಪಟ್ಟರು.

ಯುಗಾದಿಯ ಮರುದಿನ ಹಳೇಬೀಡಿನ ಬಸ್ಸಿನ ಕಂಡಕ್ಟರ್ ಬಾಳೆಎಲೆಯ ಒಂದು ಪೊಟ್ಟಣ ತಂದುಕೊಟ್ಟ. ಒಳಗೆ ಒಬ್ಬಟ್ಟು. ಹಿಟ್ಟು ಮೈದಾದಷ್ಟು ನಯವಾಗಿರಲಿಲ್ಲ, ಅಲ್ಲಲ್ಲಿ ತೌಡು ಹಲ್ಲಿಗೆ ಸಿಗುತ್ತಿತ್ತು. ನಿಂಗಮ್ಮ ಊರಿನ ಎಲ್ಲರಿಗೂ ಒಬ್ಬಟ್ಟು ಹಂಚಿದ್ದಾರೆಂದೂ, ಸಾಹುಕಾರರ ಮನೆಗೆ ಮಾತ್ರ ಎರಡು ಹೆಚ್ಚು ಕಳಿಸಿದ್ದಾರೆಂದೂ ಕಂಡಕ್ಟರ್ ಹೇಳಿದ. ಏಕೆಂದು ಕೇಳಿದೆ. ಒಂದು ಸಾಲು ಗೋಧಿ ಅವರ ಹೊಲದಲ್ಲೂ ಬೆಳೆದಿತ್ತಲ್ಲ, ಅದರ ಪಾಲು ಅಂದ್ರು ಎಂದ.

ತಾಕಿನಲ್ಲಿ ಮುಂದಿನ ವರ್ಷವೂ ಫಲಕದಲ್ಲಿ ಬರೆದಂತೆ ಕಡಲೆಕಾಯಿ ಹಾಕಿ ಗೋಧಿ ಹಾಕಿದರು. ಆ ಸಲ ಕಿತ್ತು ನೆಡುವಷ್ಟೂ ಮಿಕ್ಕಲಿಲ್ಲವಂತೆ. ಕೆಲವು ವರ್ಷಗಳ ನಂತರ ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುವಾಗ ನೋಡಿದೆ. ಹೊಲದಲ್ಲಿ ಎಕ್ಕದ ಗಿಡಗಳು. ಫಲಕ ಹಾಗೆಯೇ ನಿಂತಿತ್ತು. ಅಕ್ಷರ ಇನ್ನೂ ಓದಬಹುದಾಗಿತ್ತು. ಕಾಲುವೆಯಾಚೆ ಯಾರೋ ಭತ್ತದ ನಾಟಿ ಮಾಡುತ್ತಿದ್ದರು. ಬಸ್ಸು ನಿಲ್ಲಲಿಲ್ಲ.

ನಿವೃತ್ತಿಯಾಗುವವರೆಗೆ ಅನೇಕ ಊರುಗಳಲ್ಲಿ ನಾನು ಪ್ರಾತ್ಯಕ್ಷಿಕಾ ತಾಕುಗಳನ್ನು ಮಾಡಿಸಿದ್ದೇನೆ. ಬೆಳೆ ತಿರುಗಬೇಕಾದರೆ ಮೊದಲು ಫಲಕ ತಿರುಗಬೇಕು. ಈ ಉದ್ಯೋಗ ನನಗೆ ಕಲಿಸಿದ್ದು ಅದನ್ನು. ಎಲ್ಲಿಯೂ ಫಲಕದ ಕಾಲಿಗೆ ಸಿಮೆಂಟು ಹಾಕಲು ನಾನು ಬಿಡಲಿಲ್ಲ. ಬಿದಿರಿನ ಎರಡು ಕಂಬ ನೆಟ್ಟು ತಗಡು ಕಟ್ಟಿಸುತ್ತಿದ್ದೆ. ಗಾಳಿಗೆ ಬೀಳುತ್ತದೆ ಎಂದು ಕಿರಿಯ ಸಹೋದ್ಯೋಗಿಗಳು ಆಕ್ಷೇಪಿಸುತ್ತಿದ್ದರು. ಬೀಳಲಿ ಎನ್ನುತ್ತಿದ್ದೆ.